ತೊಡದೇವು ಕಾಗದವಾದ ದಿನ

‘ಇದು ಆಹಾರವಲ್ಲ, ಕಾಗದ’ ಎಂದಿತು ನನ್ನ ಫೋನು. ತಟ್ಟೆಯಲ್ಲಿದ್ದುದು ಅತ್ತೆ ಮಾಡಿದ ತೊಡದೇವು, ಕಬ್ಬಿನ ಹಾಲಿನ, ಕಾಗದದಷ್ಟು ತೆಳ್ಳನೆಯ ಸಿಹಿ. ಎಂಟು ವರ್ಷದ ಮಗಳ ತೂಕ ಮಿತಿಮೀರಿದೆ ಎಂದು ಶಿರಸಿಯ ಡಾಕ್ಟರು ಎಚ್ಚರಿಸಿದ ಮೇಲೆ, ಅವಳು ತಿನ್ನುವುದನ್ನೆಲ್ಲ ಮೊದಲು, ಫೋಟೊ ನೋಡಿ ಕ್ಯಾಲೊರಿ ಲೆಕ್ಕ ಹೇಳುವ ಆ್ಯಪಿಗೆ ತೋರಿಸಬೇಕೆಂದು ನಾನೇ ಕಾನೂನು ಮಾಡಿದ್ದೆ.

“ತಿನ್ನೇ ಕೂಸೆ, ಇದು ತಿಂಬದೇ ಅಲ್ದಡ! ಫೋನೇ ಹೇಳ್ತು” ಎಂದು ಅತ್ತೆ ಮೊಮ್ಮಗಳ ಕಡೆ ತಟ್ಟೆ ಸರಿಸಿದರು.

ನನಗೆ ರೇಗಿತು. ತುಪ್ಪ ಕಂಡಾದರೂ ಫೋನಿಗೆ ಬುದ್ಧಿ ಬಂದೀತೆಂದು, ತೊಡದೇವಿನ ಮೇಲೆ ಧಾರಾಳವಾಗಿ ತುಪ್ಪ ಸುರಿದು ಮತ್ತೆ ಫೋಟೊ ತೆಗೆದೆ.

‘ಎಣ್ಣೆ ಒರೆಸಿದ ಕಾಗದ. ಕಸದ ಬುಟ್ಟಿಗೆ ಹಾಕಿ’ ಎಂದಿತು.

ಮಗಳು ನನ್ನೆದುರು ಬಾಯಿ ಅಗಲಿಸಿ ನಿಂತಳು. “ಹಾಕೇ ಆಯಿ, ಬುಟ್ಟಿ ಇಲ್ಲಿದ್ದು!”

ಮುಂದಿನ ಸಲ ಡಾಕ್ಟರ ಬಳಿ ಹೋದಾಗ, ಕಾಗದ ತಿಂದವಳೆಂದು ತೂಕದ ಯಂತ್ರ ಯಾವ ರಿಯಾಯಿತಿಯನ್ನೂ ತೋರಲಿಲ್ಲ. ಆ್ಯಪನ್ನು ಅಳಿಸಿ, ತೊಡದೇವಿನ ಡಬ್ಬಿಯನ್ನು ಎತ್ತರದ ನಾಗಂದಿಗೆಯ ಮೇಲಿಟ್ಟಿದ್ದೇನೆ. ಅದನ್ನು ಮುಟ್ಟಲು ಮಗಳು ದಿನವೂ ಬೆವರು ಸುರಿಯುವವರೆಗೆ ಅದರ ಕೆಳಗೆ ಜಿಗಿಯುತ್ತಾಳೆ. ಯಾವ ಆ್ಯಪೂ ಅವಳಿಂದ ಇಷ್ಟು ವ್ಯಾಯಾಮ ಮಾಡಿಸಿರಲಿಲ್ಲ.