ಬಟ್ಟಲೊಳಗಿನ ಹುಣಸೆ ಬೀಜ

ರೋಣದ ನಮ್ಮ ಮನೆಯ ಪಡಸಾಲೆಯಲ್ಲಿ, ದೀಪ ಇಡುವ ಮಾಡದ ಪಕ್ಕ ಇನ್ನೊಂದು ಸಣ್ಣ ಮಾಡವಿತ್ತು. ಅದರಲ್ಲೊಂದು ಹಿತ್ತಾಳೆ ಬಟ್ಟಲು. ದಿನಾ ಮುಂಜಾನೆ ಅಪ್ಪನ ತಾಯಿ, ನಮ್ಮ ಆಯಿ, ಅದರೊಳಗೆ ಒಂದು ಹುಣಸೆ ಬೀಜ ಹಾಕುತ್ತಿದ್ದಳು. ಅವ್ವ ಮುಟ್ಟಾಗಿ ಹೊರಗಾದ ದಿನ ಬಟ್ಟಲು ಬರಿದು ಮಾಡಿ ಮತ್ತೆ ಒಂದರಿಂದ ಶುರು. ಟಣ್ ಎನ್ನುವ ಆ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು.

ಈ ಲೆಕ್ಕ ನರಗುಂದದಿಂದ ಬಂದದ್ದು. ಅಲ್ಲಿದ್ದ ಆಯಿಯ ತಂಗಿಗೆ ಮೊಮ್ಮಕ್ಕಳೆಲ್ಲ ಗಂಡು. ನಾವೋ ಮೂವರೂ ಹೆಣ್ಣು. ಏಳು ವರ್ಷದ ನಾನೇ ಕಿರಿಯವಳು. "ಸರಿ ದಿನಕ್ಕ ಗಂಡು, ಬೆಸ ದಿನಕ್ಕ ಹೆಣ್ಣು. ಇಷ್ಟ ನೋಡಕ್ಕಾ" ಎಂದು ಆಕೆ ಹೇಳಿಹೋದದ್ದೇ ನಮ್ಮಲ್ಲಿ ಕಾನೂನಾಯಿತು. ಸಂಜೆ ದೀಪ ಹಚ್ಚುವಾಗ ಆಯಿ ಬೀಜ ಎಣಿಸುತ್ತಿದ್ದಳು. ತನ್ನ ನೆನಪಿಗಿಂತ ಆ ಬಟ್ಟಲ ಮೇಲೆ ಅವಳಿಗೆ ನಂಬಿಕೆ. ಸರಿಯಾದರೆ ಅವ್ವ ಅಪ್ಪನ ಕೋಣೆಗೆ. ಬೆಸವಾದರೆ ಅವ್ವನ ಹಾಸಿಗೆ ಪಡಸಾಲೆಯಲ್ಲಿ, ನಮ್ಮ ಜೊತೆ. ನನಗದು ಹಬ್ಬ. ಒಗ್ಗರಣೆಯ ವಾಸನೆಯ ಆ ಸೆರಗು ಹಿಡಿದು ಮಲಗಿದ ಸುಖ ಮತ್ತೆಲ್ಲೂ ಸಿಗಲಿಲ್ಲ.

ಆದರೆ ಅವ್ವನಿಗೆ ಹಬ್ಬವೇನಿರಲಿಲ್ಲ. "ಈ ಸಲಾನೂ ಹೆಣ್ಣಾದ್ರ ಅಸೂಟಿ ಊರಿನ ಹುಡುಗಿನ್ನ ನಿನಗ ಎರಡನೇದಾಕಿ ಮಾಡಿ ತರೂದೇ" ಎಂದು ಆಯಿ ಅಪ್ಪನಿಗೆ ಹೇಳಿಬಿಟ್ಟಿದ್ದಳು. ಅಪ್ಪ ಗಜೇಂದ್ರಗಡದ ನೇಕಾರರಿಂದ ಸೀರೆ ತಂದು ಮಾರುವವನು. ಗಿರಾಕಿಗಳ ಮುಂದೆ ಅಷ್ಟು ಮಾತಾಡುವವನಿಗೆ ತಾಯಿಯ ಮುಂದೆ ಬಾಯಿಗೆ ಬೀಗ. ಅದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಒಂದು ಸಂಜೆ ಆಯಿಗಿಂತ ಮೊದಲೇ ಎಣಿಸಿದೆ. ಎಂಟು. ಅವ್ವ ನನ್ನ ಪಕ್ಕ ಮಲಗಲಿ ಎಂಬ ಆಸೆಗೆ ಒಂದು ಬೀಜ ತೆಗೆದು ಹಿತ್ತಲಿಗೆ ಒಗೆದೆ. ಅವ್ವ ನನ್ನ ಪಕ್ಕ ಮಲಗಿದಳು. ಅಲ್ಲಿಂದ ಬಟ್ಟಲ ಲೆಕ್ಕ ಒಂದು ದಿನ ಹಿಂದೆ ಬಿತ್ತು; ಅದು ಸರಿ ಎಂದ ದಿನ ನಿಜಕ್ಕೆ ಬೆಸ. ಅದೇ ತಿಂಗಳು ಬಸುರಾದಳು. ಹುಟ್ಟಿದ್ದು ಹೆಣ್ಣು.

ಆಯಿ ಕೂಸಿನ ಮುಖ ನೋಡಲಿಲ್ಲ. ಐದನೇ ದಿನ ಅಸೂಟಿಗೆ ಹೊರಡಲು ಚಕ್ಕಡಿ ಹೂಡಿಸಿದಳು. ತಮ್ಮನನ್ನು ತಂಗಿ ಮಾಡಿದವಳು ನಾನೇ ಎಂಬ ಭಯಕ್ಕೆ ಓಡಿಹೋಗಿ ಅವಳ ಸೀರೆ ಹಿಡಿದು, ಅಳುತ್ತ ಎಲ್ಲ ಹೇಳಿಬಿಟ್ಟೆ. ಫಟ್ಟನೆ ಕಪಾಳಕ್ಕೆ ಬಿತ್ತು. ಆಮೇಲೆ ಆಯಿ ಕಟ್ಟೆಯ ಮೇಲೆ ಕುಸಿದು ಕುಳಿತಳು. "ಲೆಕ್ಕಾನ ತಪ್ಪಿತ್ತು. ಇದರಾಗ ಸೊಸಿ ತಪ್ಪೇನೈತಿ?" ಎಂದು ಎತ್ತು ಬಿಚ್ಚಿಸಿದಳು. ಒಳಬಾಗಿಲಲ್ಲಿ ಅವ್ವ ಕೂಸನ್ನೆತ್ತಿಕೊಂಡು ಎಲ್ಲ ನೋಡುತ್ತಿದ್ದಳು. ನನ್ನನ್ನು ಬಿಡಿಸಿಕೊಳ್ಳಲು ಬರಲಿಲ್ಲ. ಆ ಮುನಿಸು ನನಗೆ ಬಹಳ ದಿನ ಇತ್ತು.

ಮುಂದಿನ ಸಲ ಯಾರ ಕೈಗೂ ಸಿಗದಂತೆ ಬಟ್ಟಲು ಆಯಿಯ ಟ್ರಂಕು ಸೇರಿತು. ಆದರೂ ಐದನೆಯದೂ ಹೆಣ್ಣೇ! ಅಷ್ಟರಲ್ಲಿ ಅಸೂಟಿ ಹುಡುಗಿಯ ಲಗ್ನ ಬೇರೆ ಕಡೆ ಆಗಿತ್ತು. ಆಯಿಗೂ ನಾಲ್ಕನೆಯವಳು ತೊಡೆಯ ಮೇಲಿಲ್ಲದೆ ಊಟ ಸೇರುತ್ತಿರಲಿಲ್ಲ. ಗಂಡೋ ಹೆಣ್ಣೋ ಎಂಬುದು ತಂದೆಯ ಕಡೆಯಿಂದ ತೀರ್ಮಾನವಾಗುತ್ತದೆ, ದಿನದ ಲೆಕ್ಕದಿಂದಲ್ಲ ಎಂದು ಹೈಸ್ಕೂಲಿನಲ್ಲಿ ಓದಿದ ದಿನ ನನ್ನ ಎದೆಯ ಭಾರ ಇಳಿಯಿತು.

ಅವ್ವ ಹಣ್ಣಾದ ಮೇಲೆ ಒಂದು ಮಧ್ಯಾಹ್ನ ಆ ಬೀಜದ ಮಾತು ತೆಗೆದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ನೀ ಒಂದ ತಗದಿ. ನಾ ಎಷ್ಟ ತಗದೇನೋ! ನಿಮ್ಮಪ್ಪ ಗಜೇಂದ್ರಗಡದಿಂದ ನಾಕ ದಿನಕ್ಕ ಬರಾಂವ. ಅವತ್ತ ಬೆಸ ಅಂತ ಸುಮ್ನ ಕೂಡ್ಲೇನು?"

"ಮತ್ತ ಆಯಿ ನನ್ನ ಹೊಡದಾಗ ಯಾಕ ಸುಮ್ನ ನಿಂತಿದ್ದಿ?"

ಅವ್ವನ ನಗು ನಿಂತಿತು. "ಸಣ್ಣ ಹುಡುಗಿ ಮಾಡಿದ್ದಕ್ಕ ಆಕಿ ಬಿಟ್ಲು. ಸೊಸಿ ಮಾಡ್ಯಾಳಂದ್ರ ಬಿಡ್ತಿದ್ಲೇನು? ನಾ ಬಾಯಿ ಬಿಟ್ಟಿದ್ರ ಚಕ್ಕಡಿ ಅಸೂಟಿಗೆ ಹೋಗ್ತಿತ್ತವ್ವಾ."

ಕೈ ಚಾಚಿ ನನ್ನ ಎಡಗೆನ್ನೆ ಸವರಿದಳು. ಆಯಿ ಹೊಡೆದದ್ದು ಯಾವ ಕೆನ್ನೆಗೆ ಎಂಬುದು ನನಗೇ ಮರೆತುಹೋಗಿತ್ತು.