ಹಿಂದಿನ ಬೆಂಚಿನ ಮಾಸ್ತರರು

ಆ ದಿನ ಬೆಳಿಗ್ಗೆ ನೀರು ತುಂಬಿ, ಮಗಳ ಜಡೆ ಹೆಣೆದು, ಜೊತೆಯ ಶಿಕ್ಷಕರೆಲ್ಲರಿಗೂ ಸಾಲುವಷ್ಟು ಜೋಳದ ರೊಟ್ಟಿ ಬಡಿದು ಗಂಟು ಕಟ್ಟಿಕೊಂಡು, ಮಾನ್ವಿಯ ಬಸ್ಸು ಹಿಡಿದೆ. ತಿಂಗಳಿಗೊಮ್ಮೆ ಸುತ್ತಲಿನ ಶಿಕ್ಷಕರೆಲ್ಲ ಅಲ್ಲಿ ಸೇರುತ್ತಿದ್ದೆವು. ಒಬ್ಬರು ಮಾದರಿ ಪಾಠ ಮಾಡಬೇಕು, ಉಳಿದವರು ಮಕ್ಕಳಾಗಿ ಕೂರಬೇಕು. ಒಬ್ಬರಿಗೆ ತಿಳಿಯದಿದ್ದರೂ ಮುಂದಿನ ತಿಂಗಳು ಅದೇ ಪಾಠ ಮತ್ತೆ.

ದೇವದುರ್ಗದ ಕಡೆಯ ಹಿರಿಯ ಮಾಸ್ತರರೊಬ್ಬರು ಯಾವಾಗಲೂ ಹಿಂದಿನ ಬೆಂಚು ಹಿಡಿಯುತ್ತಿದ್ದರು. ಟೋಪಿ ತೆಗೆದು ತೊಡೆಯ ಮೇಲಿಟ್ಟರೆ ಹುಡುಗನಾದರೆಂದೇ ಲೆಕ್ಕ. ಪಕ್ಕದವರನ್ನು ಚಿವುಟುವರು, ಒಂದಕ್ಕೆ ಹೋಗಲು ಕಿರುಬೆರಳು ಎತ್ತುವರು, ಕೊನೆಗೆ ಎದ್ದು "ತಿಳೀಲಿಲ್ರೀ" ಎನ್ನುವರು. ಯಾರಾದರೂ ಸಿಡುಕಿದರೆ, "ನಮ್ಮ ಸಾಲಿ ದಡ್ಡರ ಪರವಾಗಿ ಬಂದೀನ್ರಿ" ಎಂಬ ಉತ್ತರ ಸಿದ್ಧವಿರುತ್ತಿತ್ತು.

ಅಂದು ನನ್ನ ಮೊದಲ ಪಾಠ, ಭಿನ್ನರಾಶಿ. ಒಂದು ರೊಟ್ಟಿ ಮುರಿದು ಅರ್ಧವನ್ನು ಅವರ ಕೈಗೆ ಕೊಟ್ಟೆ. ಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ ತಿಂದುಬಿಟ್ಟಿದ್ದರು.

"ಎಷ್ಟು ತಿಂದ್ರಿ?"

"ತಿಳೀಲಿಲ್ರೀ ಟೀಚರ್."

"ಹೇಳಲೇ! ಇಲ್ಲಾಂದ್ರ ಊಟಕ್ಕ ಒಂದು ರೊಟ್ಟಿ ಕಡಿಮಿ ಹಾಕ್ತೀನಿ!" ನನ್ನ ಬಾಯಿಂದ 'ಲೇ' ಜಾರಿಯೇ ಹೋಯಿತು.

ಮಾಸ್ತರರು ಚಂಗನೆ ಎದ್ದರು. "ಒಂದ್ಯಾಕ್ರೀ? ನಾ ತಿಂದಿದ್ದು ಬರೇ ಅರ್ಧ ರೀ!"

ಇಡೀ ಕೋಣೆ ನಕ್ಕಿತು. ಅವರು ಸೋತವರಂತೆ ಟೋಪಿ ಹಾಕಿಕೊಂಡು, "ತಿಳೀತು ಬಿಡ್ರಿ" ಎಂದರು.

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಊಟವಾದ ಮೇಲೆ ನನ್ನ ಗೆಳತಿಯ ಪಾಠವಿತ್ತು. ಅದಕ್ಕೇ, "ಸಾಕು ಯವ್ವಾ, ಸಾಕು" ಎಂದರೂ ಬಿಡದೆ ಮಾಸ್ತರರಿಗೆ ಬಡಿಸುತ್ತಲೇ ಹೋದೆ. ಗೆಳತಿ ಸೀಮೆಸುಣ್ಣ ಎತ್ತಿಕೊಳ್ಳುವ ಮೊದಲೇ ಅವರು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದರು.