ಗೂಡಿನ ಕಪ್‌ಗಳು ಒಳಗೆ ಬಂದ ದಿನ

ಬೆಲ್ಲದ ಬಾಗೇವಾಡಿಯ ಸಂತೆಯಲ್ಲಿ ಕ್ರೈಸ್ತ ಮಾಸ್ತರರೊಬ್ಬರು ಹೋಟೆಲಿನ ಕಪ್ ಒಡೆದರಂತೆ! ಸುದ್ದಿ ಹುಕ್ಕೇರಿಗೆ ಬರುವಷ್ಟರಲ್ಲಿ ಕಪ್ ಹನ್ನೆರಡಾಗಿದ್ದವು. ಗೋಕಾಕ ಮುಟ್ಟುವಷ್ಟರಲ್ಲಿ ಮಾಲೀಕನ ತಲೆಯೂ ಒಡೆದಿತ್ತು. ಮೂಡಲಗಿಯಲ್ಲಿ ಪೊಲೀಸರೂ ಬಂದುಬಿಟ್ಟಿದ್ದರು.

ಎಲ್ಲ ಸುಳ್ಳು. ಒಂದು ಕಪ್ಪಿನ ಕಿವಿ ಕೂಡ ಮುರಿದಿಲ್ಲ. ನಾನು ಅಲ್ಲೇ ಇದ್ದೆ. ನಡೆದದ್ದು ಒಡೆಯುವುದಕ್ಕಿಂತ ದೊಡ್ಡದು!

ಹೋಟೆಲು ರಾಚಪ್ಪ ಕಾಕಾನದು. ಹೊರಗೋಡೆಯಲ್ಲೊಂದು ಗೂಡು, ಅದರಲ್ಲಿ ನಾಲ್ಕು ಕಪ್. ಊರು ಮುಟ್ಟಿಸಿಕೊಳ್ಳದ ಕೇರಿಯವರು ಅವುಗಳಲ್ಲೇ ಚಹಾ ಹೊಯ್ಯಿಸಿಕೊಂಡು, ಹೊರಗೇ ನಿಂತು ಕುಡಿದು, ತಾವೇ ತೊಳೆದಿಡಬೇಕು. (ಕಾಯಿದೆ ಬಂದಿದೆಯಲ್ಲ ಎನ್ನುತ್ತೀರಾ? ಕಾಯಿದೆ ದಿಲ್ಲಿಯಿಂದ ಹೊರಟಿದೆ, ನಮ್ಮೂರಿನ ಬಸ್ಸು ಸಿಕ್ಕಿಲ್ಲ.)

ಘೋಡಗೇರಿಯ ಶಾಲೆಗೆ ಸೈಕಲ್ ತುಳಿಯುವ ದಾನಿಯೇಲ ಮಾಸ್ತರರು ಅದೇ ಕೇರಿಯವರು. ಕೋಟು, ಪಗಾರ ಬಂದ ಮೇಲೆ ಕಾಕಾ ಅವರೊಬ್ಬರನ್ನು ಒಳಗೆ ಕರೆದ. ಅವರು ಹೋಗಲಿಲ್ಲ. ತಂದೆ ಯಲ್ಲಪ್ಪಜ್ಜನ ಜೊತೆ ಹೊರಗೆ ನಿಂತು ಗೂಡಿನ ಕಪ್ಪಿನಲ್ಲೇ ಕುಡಿದರು, ವರ್ಷಗಟ್ಟಲೆ.

ಎಂಥ ವಿನಯ ಎಂದು ಊರು ಮೆಚ್ಚಿತು. ನನಗೆ ಮೈ ಉರಿಯಿತು. ಅಸ್ಪೃಶ್ಯತೆಯ ಮೇಲೆ ಡಿಬೇಟ್ ಮಾಡಿ ಶೀಲ್ಡ್ ಗೆದ್ದ ವಕೀಲ ನಾನು! ಆ ಸಂತೆಯ ದಿನ ಮಾಸ್ತರರನ್ನು ಬಾಗಿಲಲ್ಲೇ ಹಿಡಿದೆ.

"ಮಾಸ್ತರ್ರ, ದೇವರ ರಾಜ್ಯ ಬರತೈತಿ ಅಂತೀರಿ. ಸತ್ತ ಮ್ಯಾಲೆ ಒಳಗ ಕುಂದರಾಕ ಬದುಕಿದ್ದಾಗ ಹೊರಗ ನಿಂದರಬೇಕೇನ್ರಿ?"

ಅವರು ನಕ್ಕರು. "ವಕೀಲರ, ಬೀಗರು ಬರೂದು ಗಟ್ಟಿ ಆತಂದ್ರ ಮನಿ ಯಾವಾಗ ಸಾರಸ್ತೀರಿ? ಬರೂಕಿಂತ ಮದಲೋ, ಬಂದ ಮ್ಯಾಲೋ?"

ಸಿಕ್ಕಿಬಿದ್ದೆ. ಆದರೆ ಬಿಡುವವನೇ ನಾನು? "ಮತ್ತ ಇಷ್ಟ ವರ್ಷ ನೀವ್ಯಾಕ ಸಾರಸ್ಲಿಲ್ರಿ?"

ಅವರ ನಗು ನಿಂತಿತು.

"ಬರೋಬ್ಬರಿ ಕೇಳಿದ್ರಿ. ಆ ರಾಜ್ಯದಾಗ ಎಲ್ಲಾರಿಗೂ ಒಂದ ಪಂಕ್ತಿ. ಅದು ಲಗೂ ಬರಲಿ ಅಂತ ದಿನಾ ಮುಂಜಾನೆ ಬೇಡ್ಕೊಂತೇನಿ. ಅಪ್ಪನ್ನ ಹೊರಗ ಬಿಟ್ಟು ಒಳಗ ಹೋಗಬಾರದು, ಅಷ್ಟ ತಿಳಕೊಂಡಿದ್ದೆ. ಅಪ್ಪನ್ನ ಒಳಗ ಕರಕೊಂಡ ಹೋಗಬೇಕು ಅನ್ನೂದು ತಿಳೀಲಿಲ್ಲ ನೋಡ್ರಿ."

ಅಷ್ಟೇ. ಗೂಡಿನ ನಾಲ್ಕೂ ಕಪ್ ತೊಳೆದರು. ಒಂದು ಕೈಯಲ್ಲಿ ಕಪ್, ಇನ್ನೊಂದರಲ್ಲಿ ಅಜ್ಜನ ಕೈ. ಸೀದಾ ಒಳಗೆ! ಒಳಗಿನ ಹಲಗೆಯ ಮೇಲಿನ ಕಪ್‌ಗಳ ನಡುವೆ ಇವನ್ನೂ ಇಟ್ಟು, ಎಲ್ಲ ಕಲಸಿಬಿಟ್ಟರು.

"ಏ ಮಾಸ್ತರ! ತಗೀರಿ ಅವನ್ನ!" ಕಾಕಾ ಕೂಗಿದ.

"ಯಾವು ತಗೀಲಿ ಕಾಕಾ? ನೀವ ಗುರುತ ಹಿಡೀರಿ."

ಹಿಡಿಯುವುದು ಹೇಗೆ? ಗೂಡಿಗೂ ಹಲಗೆಗೂ ಗೋಕಾಕದ ಒಂದೇ ಅಂಗಡಿಯ, ಒಂದೇ ಪೆಟ್ಟಿಗೆಯ ಬಿಳಿ ಕಪ್ ತಂದವನು ಕಾಕಾನೇ! ಇಟ್ಟ ಜಾಗವೊಂದೇ ಗುರುತಾಗಿತ್ತು.

ಇಬ್ಬರು ಗಿರಾಕಿಗಳು ಎದ್ದು ಹೋದರು. ಅಂಕಲಗಿಯ ದನದ ವ್ಯಾಪಾರಿಯೊಬ್ಬ ಮಾತ್ರ ನಕ್ಕ: "ಕಾಕಾ, ಎಲ್ಲಾ ಕಪ್ ಒಗದ್ರ ನಾವು ಬೊಗಸ್ಯಾಗ ಕುಡೀಬೇಕೇನಪಾ? ಚಹಾ ತಾ ಅತ್ಲಾಗ!"

ಕಾಕಾ ಗೊಣಗುತ್ತಲೇ ಎಲ್ಲರಿಗೂ ಹೊಯ್ದ, ನನಗೂ. ಬೆಂಚಿನ ತುದಿಯಲ್ಲಿ ಅರ್ಧ ಎದ್ದಂತೆ ಕುಳಿತಿದ್ದ ಅಜ್ಜ ಕಪ್ ಹಿಡಿದು ನನ್ನನ್ನೇ ನೋಡುತ್ತಿದ್ದ. ನನಗೆ ಬಂದದ್ದು ಗೂಡಿನ ಕಪ್ಪೇ ಏನೋ ಎಂದು ನನ್ನ ಕೈ ಒಂದು ಗಳಿಗೆ ತಡೆಯಿತು. (ಶೀಲ್ಡ್ ಎತ್ತಿದ ಕೈ!) ಕುಡಿದೆ. ಆಮೇಲೆ ಅಜ್ಜ ಕುಡಿದ. ಚಹಾ ಎಂದಿನಂತೆ ನೀರುನೀರು. ನನಗೆ ಮಾತ್ರ ಎದ್ದು ಕುಣಿಯಬೇಕೆನಿಸಿತು!

ದೇವರ ರಾಜ್ಯವನ್ನು ನಾನು ಇಂದಿಗೂ ನಂಬುವುದಿಲ್ಲ. ಆದರೆ ವಾದದಲ್ಲಿ ಸೋತು, ಎರಡೇ ನಿಮಿಷದಲ್ಲಿ ನಡೆಯನ್ನು ತಿದ್ದಿಕೊಂಡವರನ್ನು ಯಾವ ಡಿಬೇಟಿನಲ್ಲಿ ಕಂಡಿದ್ದೇನೆ? ನಮ್ಮ ಮನೆಯಲ್ಲೂ ದಿನಾ ಶರಣರ ಮಾತು ಓದುತ್ತೇವೆ. ಓದಿ ಮಡಚಿಡುತ್ತೇವೆ.

ಮೊನ್ನೆಯ ಸಂತೆಗೆ ಮತ್ತೆ ಹೋದೆ. ಮಾಸ್ತರರು, ಅಜ್ಜ ಒಳಗೇ ಕುಳಿತಿದ್ದರು. ಹೊರಗಿನ ಗೂಡು ಖಾಲಿ. ಆದರೆ ಕಾಕಾ ಪೆಟ್ಟಿಗೆಯೊಳಗಿನ ಹುಲ್ಲು ಬಿಡಿಸಿ ಹೊಸ ಕಪ್ ತೆಗೆಯುತ್ತಿದ್ದ: ಆರು, ನೀಲಿ ಅಂಚಿನವು. ನಾನು ಕೇಳಿದ್ದು ಒಂದೇ ಮಾತು. ಕಾಕಾ ತಲೆಯೆತ್ತದೆ ಸ್ಟೋವಿಗೆ ಗಾಳಿ ಹೊಡೆದ. ಹಾಗಾಗಿ ಇಲ್ಲಿ ಅಚ್ಚಿನಲ್ಲೇ ಕೇಳುತ್ತೇನೆ:

ಕಾಕಾ, ಆ ನೀಲಿ ಅಂಚಿನ ಕಪ್ ಯಾರಿಗೆ?